ಒಂಟಿ ಕಾಲುಚೀಲ

ಆ ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಮೂರನೆಯ ಮಹಡಿಯ ನಮ್ಮ ಮನೆಯ ಕಿಟಕಿಗಳಿಗೆ ನೀರು ರಾಚುತ್ತಿತ್ತು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ನೀರು ಸೀಳಿಕೊಂಡು ಹೋಗುವ ಸದ್ದು ಆಗಾಗ ಕೇಳುತ್ತಿತ್ತು. ದೀಪ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಟೀವಿ ಬಾಯಿ ಮುಚ್ಚಿತು, ಫೋನುಗಳ ಚಾರ್ಜು ಮುಗಿಯುತ್ತ ಬಂತು, ಆಗ ನಮಗೆಲ್ಲ ದೊಡ್ಡಮ್ಮನ ನೆನಪಾಯಿತು. ಅವರು ಬೆಳಗಿನಿಂದ ಅದೇ ಬೆತ್ತದ ಕುರ್ಚಿಯಲ್ಲಿ ನಮ್ಮ ಕಣ್ಣೆದುರೇ ಕೂತಿದ್ದರು ಅನ್ನುವುದು ಬೇರೆ ಮಾತು.

ದೊಡ್ಡಮ್ಮ ಅಂದರೆ ನಮ್ಮ ಅಮ್ಮನ ಅಕ್ಕ. ಆಯುಸ್ಸಿನ ಬಹುಪಾಲನ್ನು ದೊಡ್ಡ ಆಸ್ಪತ್ರೆಯೊಂದರ ಮಕ್ಕಳ ತುರ್ತು ವಿಭಾಗದಲ್ಲಿ ಡಾಕ್ಟರಾಗಿ ಕಳೆದವರು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆ “ಪುರುಸೊತ್ತು ಸಿಗಲಿಲ್ಲ” ಅನ್ನುತ್ತಿದ್ದರು. ಬಾಯಿ ಜೋರು, ಮನಸ್ಸು ಬೆಣ್ಣೆ. ಈಗ ಎಡಗಿವಿ ಮಂದ, ಮಂಡಿ ಎರಡೂ ಹಾಳು. ಅವರು ಕುರ್ಚಿಯಿಂದ ಏಳಬೇಕಾದರೆ ಬೆತ್ತವೂ ಮಂಡಿಯೂ ಒಟ್ಟಿಗೆ ಕಿರುಗುಟ್ಟಿ ಇಡೀ ಮನೆಗೆ ಸುದ್ದಿ ಮುಟ್ಟುತ್ತದೆ.

ಮೇಣದ ಬತ್ತಿಯೊಂದನ್ನು ತಟ್ಟೆಯಲ್ಲಿ ನಿಲ್ಲಿಸಿ ಸುತ್ತ ಕೂತೆವು. ನಾನು, ನನ್ನ ತಮ್ಮ, ನನ್ನ ತಂಗಿ. ತಂಗಿಯ ತೊಡೆಯ ಮೇಲೆ ಅವಳ ಮಗ. ನಡೆಯಲು ಕಲಿತು ಬಹಳ ದಿನವಾಗಿಲ್ಲದ ಅವನನ್ನು ನಾವೆಲ್ಲ ಗುಂಡ ಅಂತಲೇ ಕರೆಯುವುದು. ಅವನಿಗೆ ಹಿಂದಿನ ದಿನದಿಂದ ಜ್ವರ. ಮಧ್ಯಾಹ್ನ ತಂಗಿ ಜ್ವರದ ಸಿರಪ್ಪು ಕುಡಿಸಿದ್ದಳು. ಸಂಜೆ ಬೆಳಕಿರುವಾಗಲೇ ದೊಡ್ಡಮ್ಮ ಅವನನ್ನು ಕರೆದು ಹಣೆಯನ್ನಲ್ಲ, ಮೊದಲು ಪಾದವನ್ನು ಮುಟ್ಟಿ ನೋಡಿದ್ದರು. ಅವನು ಅವರ ಕನ್ನಡಕ ಕಿತ್ತುಕೊಳ್ಳಲು ಹೋಗಿ ಒಂದು ಏಟು ತಿಂದು, ತಿರುಗಿ ಒಂದು ಏಟು ಕೊಟ್ಟಿದ್ದ. “ಸದ್ಯಕ್ಕೆ ಪರವಾಗಿಲ್ಲ, ಜಗಳಕ್ಕೆ ಬರ್ತಾನೆ. ಆದ್ರೆ ಕಣ್ಣಿಟ್ಟಿರು,” ಅಂದಿದ್ದರು. ಆಮೇಲೆ ಚಳಿ ಅಂತ ತಂಗಿ ಅವನಿಗೆ ದಪ್ಪ ಉಲ್ಲನ್ನಿನ ಕಾಲುಚೀಲ ಹಾಕಿ, ಕಂಬಳಿ ಸುತ್ತಿ ಮಲಗಿಸಿಕೊಂಡಿದ್ದಳು.

“ದೊಡ್ಡಮ್ಮ, ಒಂದು ದೆವ್ವದ ಕತೆ ಹೇಳಿ,” ಅಂದ ತಮ್ಮ. “ಅಷ್ಟು ವರ್ಷ ಆಸ್ಪತ್ರೆಯಲ್ಲಿದ್ದವರು, ಒಂದಾದರೂ ನೋಡಿರಬೇಕಲ್ಲ.”

ಅವನು ತಮಾಷೆಗೆ ಕೇಳಿದ್ದು. ದೊಡ್ಡಮ್ಮ ನಗಲಿಲ್ಲ. ನೇರ ಶುರುಮಾಡಿದರು.

“ದೆವ್ವ ಅಂದ್ರೆ ನಿಮಗೆ ಮಧ್ಯರಾತ್ರಿ ಆಗಬೇಕು, ಸ್ಮಶಾನ ಬೇಕು, ಕಾಲು ಹಿಂದುಮುಂದಾಗಿರಬೇಕು... ಅಲ್ವೇನೋ? ನಾನು ನೋಡಿದ್ದು ಹಾಡಹಗಲಲ್ಲಿ ಕಣೋ. ಊಟದ ಹೊತ್ತು. ಸುತ್ತ ಜನವೋ ಜನ, ಕಾಲಿಡೋಕೆ ಜಾಗ ಇಲ್ಲ, ಒಂದು ಮಗು ಮೂಗಲ್ಲಿ ಬಟಾಣಿ ಸಿಕ್ಕಿಸಿಕೊಂಡು ಬಂದಿದೆ, ಇನ್ನೊಂದು ಮರದಿಂದ ಬಿದ್ದು ಕೈ ಮುರ್ಕೊಂಡು ಇಡೀ ಆಸ್ಪತ್ರೆ ಕಿತ್ತುಹೋಗೋ ಹಾಗೆ ಅರಚ್ತಾ ಇದೆ. ಅಂಥ ಕಡೆ ದೆವ್ವ ಬರುತ್ತೆ ಅಂತ ಯಾರಾದರೂ ಅಂದ್ಕೊಳ್ತಾರಾ? ನಾನೂ ಅಂದ್ಕೊಂಡಿರಲಿಲ್ಲ.

“ನಾನಾಗ ಅಲ್ಲಿಗೆ ಹೊಸಬಳು. ಓದಿದ್ದೆಲ್ಲ ಬಿಸಿಬಿಸಿಯಾಗಿತ್ತು, ತಲೆ ಸ್ವಲ್ಪ ಮೇಲೇ ಇತ್ತು. ನಮ್ಮ ವಿಭಾಗ ಅಂದ್ರೆ ಒಂದು ಉದ್ದನೆ ಕೋಣೆ. ಒಂದು ತುದೀಲಿ ರಸ್ತೆ ಕಡೆ ಬಾಗಿಲು, ಅಲ್ಲೇ ನಮ್ಮ ಪರೀಕ್ಷೆ ಮೇಜುಗಳು. ಇನ್ನೊಂದು ತುದೀಲಿ ಕೈ ತೊಳೆಯೋ ತೊಟ್ಟಿ, ಅದರ ಪಕ್ಕ ಗೋಡೆಗೆ ಒರಗಿಸಿದ ಒಂದು ಮರದ ಬೆಂಚು. ಕೂತು ಕೂತು ಅದರ ಬಣ್ಣ ಹೋಗಿ ನುಣ್ಣಗಾಗಿತ್ತು. ಆ ಬೆಂಚಿಗೆ ಅಲ್ಲಿ ಎಲ್ಲರೂ ಏನಂತಿದ್ರು ಗೊತ್ತಾ? ‘ಜಾಣಮಕ್ಕಳ ಬೆಂಚು’... ಚೆನ್ನಾಗಿದೆ ಅಲ್ವಾ ಹೆಸರು? ಅಳದೆ, ಕೂಗದೆ, ಹಟ ಮಾಡದೆ ತಾಯಿ ಮಡಿಲಲ್ಲಿ ಸುಮ್ಮನೆ ಬಿದ್ಕೊಂಡಿರೋ ಮಕ್ಕಳನ್ನ ಅಲ್ಲಿ ಕೂರಿಸೋದು. ಅರಚೋ ಮಕ್ಕಳು ಮೊದಲು ಮೇಜಿಗೆ.

“ಬಾಗಿಲಲ್ಲಿ ಒಬ್ಬ ಅಟೆಂಡರ್ ಇದ್ದ, ಅವನಿಗೆ ಕಿವಿಯಣ್ಣ ಅಂತಲೇ ಹೆಸರು ಇಟ್ಟಿದ್ವಿ. ಯಾಕಂದ್ರೆ ಅವನು ಮಕ್ಕಳನ್ನ ಕಣ್ಣಿಂದ ವಿಂಗಡಿಸ್ತಾ ಇರಲಿಲ್ಲ, ಕಿವಿಯಿಂದ. ಅತ್ತರೆ ತಾನೇ ಹಾಲು ಕೊಡೋದು? ಅದೇ ನ್ಯಾಯ. ಅವನನ್ನೊಬ್ಬನನ್ನೇ ಬೈಬೇಡಿ, ನಮಗೂ ಅದೇ ಬೇಕಿತ್ತು. ಆ ಗಲಾಟೆ ಒಂದು ನಿಂತರೆ ಸಾಕು, ಒಂದು ಗುಟುಕು ಟೀ ಕುಡೀಬಹುದು ಅನ್ನಿಸೋ ಹಾಗಿರ್ತಿತ್ತು ಅಲ್ಲಿ. ಅರಚೋ ಮಗೂಗೆ ಅರಚೋಷ್ಟು ಉಸಿರಿದೆ, ಜಗಳಕ್ಕೆ ನಿಲ್ಲೋಷ್ಟು ಶಕ್ತಿ ಇದೆ... ಸುಮ್ಮನಿರೋ ಮಗೂಗೆ ಏನಿದೆ? ಅದನ್ನ ಯಾರೂ ಕೇಳ್ತಿರಲಿಲ್ಲ.”

ಇಲ್ಲಿ ದೊಡ್ಡಮ್ಮ ನಿಲ್ಲಿಸಿ ಬಿಸಿನೀರು ಕೇಳಿದರು. ನಾನು ಲೋಟ ತಂದು ಕೊಟ್ಟು ಕೂರುವಾಗ ತಂಗಿ ನನ್ನ ಕಿವಿಯ ಹತ್ತಿರ ಬಗ್ಗಿ, “ಅಂತೂ ನಿದ್ದೆ ಹೋದ ಕಣೇ. ಜ್ವರಾನೂ ಇಳಿದಿದೆ, ಹಣೆ ತಣ್ಣಗಿದೆ,” ಅಂದಳು. ಹಿಂದಿನ ರಾತ್ರಿಯಿಡೀ ನಿದ್ದೆಗೆಟ್ಟಿದ್ದಳು, ಪಾಪ. ನನಗೂ ಒಂದು ಭಾರ ಇಳಿದ ಹಾಗಾಯಿತು. ಆ ಪಿಸುಮಾತು ದೊಡ್ಡಮ್ಮನ ಮಂದ ಕಿವಿಗೆ ಬೀಳಲಿಲ್ಲ. ಅವರು ಲೋಟ ಕೆಳಗಿಟ್ಟು ಮುಂದುವರಿಸಿದರು.

“ಆ ವಿಭಾಗಕ್ಕೆ ಸೇರಿದ ಹೊಸದರಲ್ಲೇ ಒಂದು ವಿಚಿತ್ರ ನೋಡಿದ್ದೆ. ಆಗಾಗ ಆ ಬೆಂಚಿನ ಕೆಳಗೆ ಒಂದು ಕಾಲುಚೀಲ ಬಿದ್ದಿರ್ತಿತ್ತು. ಮಕ್ಕಳದ್ದು. ಜೋಡಿ ಅಲ್ಲ, ಒಂದೇ. ಮಕ್ಕಳು ಅಂದಮೇಲೆ ಕಾಲುಚೀಲ ಬೀಳಿಸ್ತಾವೆ, ಅದರಲ್ಲೇನು ವಿಶೇಷ ಅಂತೀರಿ... ನಾನೂ ಹಾಗೇ ಅಂದೆ. ಆದ್ರೆ ನಮ್ಮ ಹೆಡ್ ನರ್ಸು, ಅವರನ್ನ ಎಲ್ಲರೂ ದೊಡ್ಡಕ್ಕ ಅಂತ ಕರೀತಿದ್ವಿ, ಒಂದು ದಿನ ನಾನು ಅಂಥದ್ದೊಂದನ್ನ ಎತ್ತಿ ಕಸದ ಬುಟ್ಟಿಗೆ ಹಾಕೋಕೆ ಹೋದಾಗ ನನ್ನ ಕೈ ಹಿಡಿದರು. ‘ಎಸೀಬೇಡಿ ಡಾಕ್ಟ್ರೇ. ಯಾರದ್ದು ಅಂತ ಮೊದಲು ನೋಡಿ’ ಅಂದ್ರು. ಯಾಕೆ ಅಂದೆ. ‘ನೋಡಿ ಅಷ್ಟೇ’ ಅಂದುಬಿಟ್ಟು ಹೋದ್ರು. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಯಾರೋ ಕೂಗಿದ್ರು, ಮರೆತೂಬಿಟ್ಟೆ.

“ಇನ್ನೊಂದು ವಿಚಿತ್ರ ನಮ್ಮ ಹಿರಿ ಡಾಕ್ಟರು. ತಲೆ ಪೂರ್ತಿ ನೆರೆತಿತ್ತು, ಮಾತು ಬಲು ಕಡಿಮೆ. ಅವರು ಆ ಬೆಂಚಿನ ಮುಂದೆ ಹಾದುಹೋಗುವಾಗೆಲ್ಲ ನೆಲ ನೋಡ್ತಿದ್ರು. ಬೆಂಚನ್ನ ನೋಡ್ತಿರಲಿಲ್ಲ, ಕೂತವರನ್ನೂ ನೋಡ್ತಿರಲಿಲ್ಲ... ನೆಲ. ಏನೋ ಕಳ್ಕೊಂಡವರ ಹಾಗೆ.

“ಹೀಗಿರುವಾಗ ಒಂದು ಮಧ್ಯಾಹ್ನ. ಇವತ್ತಿನಂಥದ್ದೇ ಮಳೆ. ಆ ಬಟಾಣಿ ಮೂಗು, ಆ ಮುರಿದ ಕೈ ಅಂದ್ನಲ್ಲ, ಅದೇ ದಿನ. ನಾನು ಮೂಗಿಂದ ಬಟಾಣಿ ತೆಗೆದು, ಕೈ ತೊಳೆಯೋಕೆ ತೊಟ್ಟಿ ಕಡೆ ಹೋಗ್ತಾ ಇದ್ದೆ. ಕಾಲಿಗೆ ಏನೋ ಮೆತ್ತಗೆ ಸಿಕ್ತು. ಕಾಲುಚೀಲ. ಹಳದಿ ಬಣ್ಣದ್ದು. ಬೆಂಚಿನ ಮೇಲೆ ಒಬ್ಬ ಬಡಗಿ ಕೂತಿದ್ದ, ಕೆಲಸದಿಂದ ನೇರವಾಗಿ ಬಂದಿರಬೇಕು, ತಲೆಕೂದಲಲ್ಲಿ ಇನ್ನೂ ಮರದ ಹೊಟ್ಟು ಇತ್ತು. ಅವನ ಮಡಿಲಲ್ಲಿ ಒಂದು ಹೆಣ್ಣುಮಗು, ನಾಲ್ಕು ವರ್ಷ ಇರಬಹುದು, ಅವನ ಕೋಟಿನಲ್ಲೇ ಸುತ್ತಿದ್ದಾನೆ. ಅವನ ಪಕ್ಕ ಬೂದು ಶಾಲು ಹೊದ್ದ ಒಬ್ಬ ಹೆಂಗಸು, ಮಗೂನ ಕಾಲ ಹತ್ತಿರ ಬಗ್ಗಿ ಕೂತಿದ್ದಳು. ತಾಯಿ ಅಂದ್ಕೊಂಡೆ. ಕಾಲುಚೀಲ ಎತ್ತಿ, ಆ ಕೋಟಿನ ಮೇಲಿಟ್ಟು, ‘ಮಗೂಗೆ ಚಳಿ ಆಗುತ್ತೆ, ಹಾಕಿ’ ಅಂದೆ. ಬಡಗಿ, ‘ಹಾಕ್ತೀನಿ ಅಮ್ಮ. ಈಗ ತಾನೇ ಜ್ವರ ಇಳಿದು ನಿದ್ದೆ ಹತ್ತಿದೆ’ ಅಂದ. ಒಳ್ಳೇದು ಅಂತ ಕೈ ತೊಳೆಯೋಕೆ ಹೋದೆ. ಹಿಂದಿನಿಂದ ಆ ಮುರಿದ ಕೈಯ ಹುಡುಗ ಬೊಬ್ಬೆ ಹೊಡೀತಾನೇ ಇದ್ದ.

“ಕೈ ತೊಳೆದು ತಿರುಗಿದೆ... ಕಾಲುಚೀಲ ಮತ್ತೆ ನೆಲದ ಮೇಲೆ.

“ನನಗೆ ರೇಗಿತು. ಹೊಟ್ಟೆ ಬೇರೆ ಹಸಿದಿತ್ತು. ‘ಏನಪ್ಪಾ, ಹಾಕಿ ಅಂದ್ರೆ ತೆಗೀತಾ ಕೂತಿದ್ದೀರಲ್ಲ?’ ಅಂದೆ. ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ‘ನಾನು ತೆಗೀಲಿಲ್ಲ ಅಮ್ಮ. ನನ್ನ ಎರಡು ಕೈಯೂ ಇವಳ ಕೆಳಗಿದೆ’ ಅಂದ. ನಿಜವೇ, ಎರಡು ಕೈಯಲ್ಲೂ ಮಗೂನ ತಬ್ಬಿ ಹಿಡಿದಿದ್ದ. ಹಾಗಾದ್ರೆ ನಿಮ್ಮ ಹೆಂಡತಿಗೆ ಹೇಳಿ ಅಂದೆ. ಅವನು, ‘ಹೆಂಡತಿ ಪರವೂರಿಗೆ ಕೆಲಸಕ್ಕೆ ಹೋಗಿದಾಳೆ, ಸುದ್ದಿ ಕಳಿಸಿದೀನಿ, ಸಂಜೆ ಬಸ್ಸಿಗೆ ಬರ್ತಾಳೆ. ನಾನೊಬ್ಬನೇ ಬಂದಿರೋದು’ ಅಂದ.

“ಒಬ್ಬನೇ ಅಂದ್ರೆ...? ನಾನು ಅವನ ಪಕ್ಕ ನೋಡಿದೆ. ಆ ಹೆಂಗಸು ಅಲ್ಲೇ ಇದ್ದಳು ಕಣ್ರೇ. ಇಷ್ಟು ಹತ್ತಿರ, ಈ ಬತ್ತಿ ಇರೋಷ್ಟು ಹತ್ತಿರ. ಮಗೂನ ಬರಿಗಾಲನ್ನ ತನ್ನ ಎರಡು ಅಂಗೈ ಮಧ್ಯೆ ಇಟ್ಕೊಂಡು, ತಲೆ ಎತ್ತಿ ನನ್ನನ್ನ ನೋಡಿದಳು. ಹೆದರಿಸೋ ಮುಖ ಅಲ್ಲ ಅದು. ಕೋರೆಹಲ್ಲು ಇಲ್ಲ, ಕೆಂಗಣ್ಣು ಇಲ್ಲ... ಬೇಡಿಕೊಳ್ಳೋ ಮುಖ. ಹೇಳಿ ಹೇಳಿ ಸಾಕಾಗಿ, ಇನ್ನು ಹೇಳೋಕೆ ಮಾತೇ ಉಳಿದಿಲ್ಲ ಅನ್ನೋರ ಮುಖ ಇರುತ್ತಲ್ಲ, ಅದು. ನಾನು ಒಂದು ಸಲ ಕಣ್ಣು ಮಿಟುಕಿಸಿದೆ. ಬೆಂಚಿನ ಆ ಜಾಗದಲ್ಲಿ ಬರೀ ಬೆಂಚು ಇತ್ತು.

“ಕೂಗಿ ಓಡಿ ಹೋಗಬೇಕು ಅನ್ನಿಸಿತಾ ಅಂತ ಕೇಳ್ತೀರಾ? ಅನ್ನಿಸಿತು. ಆದ್ರೆ ಆ ಪುಟ್ಟ ಪಾದ ಇನ್ನೂ ಗಾಳೀಲೇ ನಿಂತಿತ್ತು ಕಣ್ರೇ... ಯಾರೋ ಎತ್ತಿ ಹಿಡಿದ ಹಾಗೆ, ನನ್ನ ಕಡೆ ಚಾಚಿಕೊಂಡು. ನಾನು ಕೈ ಮುಂದೆ ಮಾಡಿದೆ, ಪಾದ ನನ್ನ ಅಂಗೈಗೆ ಬಿತ್ತು.

“ತಣ್ಣಗೆ. ಕೊಡದ ನೀರಲ್ಲಿ ಅದ್ದಿಟ್ಟ ಹಾಗೆ ತಣ್ಣಗೆ. ಅದೂ ಬರೀ ಪಾದ ಅಲ್ಲ, ಮೇಲಕ್ಕೆ ಕೈ ಒಯ್ದರೆ ಮಂಡಿವರೆಗೂ ತಣ್ಣಗೆ. ಜ್ವರ ಇಳಿದಿದ್ದಲ್ಲ ಅದು. ಚರ್ಮದ ಮೇಲೆ ನೀಲಿ ನೀಲಿ ಕಲೆ, ಹಳೇ ಗೋಡೆಗೆ ತೇವ ಹಬ್ಬುತ್ತಲ್ಲ ಹಾಗೆ. ಹೆಬ್ಬೆರಳಿಂದ ಒತ್ತಿ ಬಿಟ್ಟೆ. ನಿಮ್ಮ ಚರ್ಮ ಒತ್ತಿ ನೋಡಿ, ಬೆಳ್ಳಗಾಗಿ ಥಟ್ಟಂತ ಮತ್ತೆ ಕೆಂಪಾಗುತ್ತೆ. ಅವಳದ್ದು ಬೆಳ್ಳಗೇ ನಿಂತಿತ್ತು... ನಾನು ಕಾದೆ... ಕಾದೆ... ಬಣ್ಣ ಬರಲೇ ಇಲ್ಲ ಅನ್ನಬೇಕು, ಅಷ್ಟು ನಿಧಾನ. ಉಸಿರು ನೋಡಿದ್ರೆ ಓಡಿ ಬಂದ ನಾಯಿ ಥರ. ನಾಡಿ ಎಣಿಸೋಕೆ ಆಗದಷ್ಟು ಜೋರು. ಬೆಳಗಿಂದ ಉಚ್ಚೆ ಹೊಯ್ದಿಲ್ಲ ಅಂದ ಅಪ್ಪ. ಮಗೂ, ಮಗೂ ಅಂತ ತಟ್ಟಿದರೆ ಕಣ್ಣು ತೆರೀತಾಳೆ, ಅಪ್ಪನ್ನೇ ಗುರುತಿಲ್ಲದ ಹಾಗೆ ನೋಡ್ತಾಳೆ, ಮತ್ತೆ ಮುಚ್ತಾಳೆ. ನಿದ್ದೆ ಅಲ್ಲ ಕಣ್ರೇ ಅದು. ಮಂಡಿ ಮೇಲೆ ಒಂದು ತರಚು ಗಾಯ, ಕೀವು ಕಟ್ಟಿ ಸುತ್ತ ಕೆಂಪಾಗಿತ್ತು. ಅಷ್ಟೇ. ಆಟ ಆಡುವಾಗ ಬಿದ್ದ ಒಂದು ಗಾಯ. ಅಲ್ಲಿಂದ ನಂಜು ರಕ್ತಕ್ಕೆ ಏರಿತ್ತು. ಸೆಪ್ಸಿಸ್ ಅಂತೀವಿ ನಾವು. ಮಕ್ಕಳ ಮೈ ಬಹಳ ಮೋಸಗಾರ. ಕೊನೇ ಗಳಿಗೆವರೆಗೂ ಸಂಭಾಳಿಸ್ಕೊಂಡು ಹೋಗುತ್ತೆ, ಕೈಕಾಲಿನ ರಕ್ತ ಎಲ್ಲ ಎಳೆದು ಎದೆಗೂ ತಲೆಗೂ ಕೊಟ್ಟು ‘ನಾನು ಚೆನ್ನಾಗಿದೀನಿ’ ಅಂತ ನಟಿಸುತ್ತೆ... ಆಮೇಲೆ ಒಂದೇ ಸಲ ಕೈ ಬಿಡುತ್ತೆ. ಕೈ ಬಿಟ್ಟ ಮೇಲೆ ದೇವರೂ ಏನೂ ಮಾಡೋಕಾಗಲ್ಲ.”

ನನ್ನ ಪಕ್ಕದಲ್ಲಿ ತಂಗಿಯ ಕೈ ಮೆಲ್ಲಗೆ ಕಂಬಳಿಯ ಕೆಳಗೆ ಸರಿಯುವುದು ನನಗೆ ಗೊತ್ತಾಯಿತು. ಗುಂಡನ ಕಾಲು ಮುಟ್ಟಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೈ ಹೊರಗೆ ತೆಗೆದಳು. “ಬೆಚ್ಚಗಿದೆ,” ಅಂದಳು ನನಗೆ ಮಾತ್ರ ಕೇಳುವಂತೆ. ದಪ್ಪ ಉಲ್ಲನ್ನಿನ ಮೇಲೆ ಕೈಯಾಡಿಸಿದರೆ ಏನು ತಿಳಿದೀತು ಅಂತ ಆಗ ನನಗೂ ಹೊಳೆಯಲಿಲ್ಲ.

“ನಾನು ಆ ಮಗೂನ ಕೋಟಿನ ಸಮೇತ ಎತ್ಕೊಂಡು ಬಾಗಿಲ ಹತ್ತಿರದ ಮೇಜಿನ ಕಡೆ ಓಡಿದೆ. ದೊಡ್ಡಕ್ಕನ್ನ ಕೂಗಿದೆ. ಮುರಿದ ಕೈಯ ಹುಡುಗನ್ನ ಮೇಜಿಂದ ಇಳಿಸಿ ಅಂದೆ, ಅವರಮ್ಮ ನನ್ನ ಏಳು ಜನ್ಮ ಜಾಲಾಡಿದಳು, ಜಾಲಾಡಲಿ. ಆಮ್ಲಜನಕ ಹಾಕಿದ್ವಿ. ರಕ್ತನಾಳ ಹುಡುಕಿದ್ರೆ ಒಂದೂ ಸಿಗಲಿಲ್ಲ, ಕೈಯಲ್ಲಿ ಇಲ್ಲ, ಕಾಲಲ್ಲಿ ಇಲ್ಲ, ಎಲ್ಲ ಒಣಗಿದ ಕಾಲುವೆ ಥರ ಮುಚ್ಕೊಂಡಿವೆ. ಅಷ್ಟರಲ್ಲಿ ಹಿರಿ ಡಾಕ್ಟರು ಬಂದ್ರು. ಅವರ ಕೈಯಲ್ಲಿ ಆ ಹಳದಿ ಕಾಲುಚೀಲ ಇತ್ತು. ದಾರೀಲಿ ಎತ್ಕೊಂಡಿದ್ರು. ಒಂದು ಮಾತೂ ಕೇಳಲಿಲ್ಲ. ಅದನ್ನ ಮೇಲಂಗಿ ಜೇಬಿಗೆ ಹಾಕ್ಕೊಂಡು, ದಪ್ಪ ಸೂಜಿ ತಗೊಂಡು, ಮಂಡಿ ಕೆಳಗೆ ಕಾಲಿನ ಮೂಳೆಗೇ ಇಳಿಸಿಬಿಟ್ರು. ನಾಳ ಸಿಗದಾಗ ಮೂಳೆ ಒಳಗಿಂದ ಔಷಧಿ ಕೊಡೋದು. ಆ ಅಪ್ಪ ‘ಅಯ್ಯೋ’ ಅಂತ ಕುಸಿದು ಕೂತ. ಮಗು... ಮಗು ಮಿಸುಕಲಿಲ್ಲ. ಮೂಳೆಗೆ ಸೂಜಿ ಚುಚ್ಚಿದ್ರೂ ಅಳದೇ ಇರೋ ಮಗು ಅಂದ್ರೆ ಏನು ಅಂತ ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು.

“ಆ್ಯಂಟಿಬಯಾಟಿಕ್ ಹೋಯ್ತು. ಸಲೈನು ಸಿರಿಂಜಲ್ಲಿ ತಳ್ಳಿದ್ವಿ, ಸ್ವಲ್ಪ ತಳ್ಳೋದು, ಎದೆಗೆ ಕಿವಿಗೊಡೋದು, ಪಾದ ಮುಟ್ಟೋದು, ಮತ್ತೆ ಸ್ವಲ್ಪ. ಸುಮ್ಮನೆ ಸುರಿಯೋ ಹಾಗಿಲ್ಲ, ಜಾಸ್ತಿ ಆದ್ರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತೆ. ಹಿರಿ ಡಾಕ್ಟರು ಒಂದು ಕೈ ಕಾಲುಚೀಲ ಕಳಚಿದ ಆ ಎಡಪಾದದ ಮೇಲಿಟ್ಟವರು ತೆಗೀಲೇ ಇಲ್ಲ. ಹೊರಗೆ ಮಳೆ ಸುರೀತಾನೇ ಇತ್ತು. ಇಡೀ ಕೋಣೆ ಯಾಕೋ ಸುಮ್ಮನಾಗಿತ್ತು, ಆ ಮುರಿದ ಕೈಯ ಹುಡುಗ ಕೂಡ. ಎಷ್ಟು ಹೊತ್ತಾಯಿತೋ... ಅವರು ನನ್ನ ಕಡೆ ತಿರುಗಿ, ‘ಮುಟ್ಟಿ ನೋಡಮ್ಮ’ ಅಂದ್ರು. ಮುಟ್ಟಿದೆ. ಬೆರಳ ತುದೀಲಿ ಚೂರೇ ಚೂರು ಬಿಸಿ. ಆಮೇಲೆ ದೊಡ್ಡಕ್ಕ ಮಗೂನ ಕೈಯಲ್ಲಿ ಒಂದು ನಾಳ ಸಿಕ್ತು ಅಂತ ಸೂಜಿ ಚುಚ್ಚಿದ್ರು ನೋಡಿ, ಆ ಮಗು ಬಾಯಿ ತೆಗೆದು ಅತ್ತಳು. ಅಪ್ಪಾ ಅಂತ ಅತ್ತಳು. ನಾನು ನನ್ನ ಜನ್ಮದಲ್ಲಿ ಬೇಕಾದಷ್ಟು ಸಂಗೀತ ಕೇಳಿದೀನಿ... ಅದಕ್ಕಿಂತ ಚೆನ್ನಾಗಿರೋದು ಯಾವುದೂ ಕೇಳಿಲ್ಲ.”

ತಮ್ಮ ತಮಾಷೆ ಮರೆತು ಕೂತಿದ್ದ. “ಆ ಹೆಂಗಸು ಯಾರು ದೊಡ್ಡಮ್ಮ?” ಅಂದ.

“ಅದನ್ನೇ ಹೇಳ್ತೀನಿ ಇರು. ಮಗೂನ ಮೇಲಿನ ವಾರ್ಡಿಗೆ ಕಳಿಸಿದ ಮೇಲೆ ಹಿರಿ ಡಾಕ್ಟರು ಹೋಗಿ ಆ ಬೆಂಚಿನ ಮೇಲೆ ಕೂತ್ರು. ಅವರು ಅಲ್ಲಿ ಕೂತಿದ್ದು ನಾನು ನೋಡಿದ್ದು ಅದೊಂದೇ ಸಲ. ನನ್ನನ್ನೂ ಕೂರೋಕೆ ಹೇಳಿದ್ರು. ‘ಬೂದು ಶಾಲಾ?’ ಅಂದ್ರು. ಹೌದು ಅಂದೆ.

“ಬಹಳ ವರ್ಷದ ಹಿಂದಿನ ಮಾತಂತೆ. ಕಾಲುಚೀಲದ ಕಾರ್ಖಾನೇಲಿ ಕೆಲಸ ಮಾಡೋ ಒಬ್ಬ ಹೆಂಗಸು, ಬೂದು ಶಾಲು ಹೊದ್ದೋಳು, ಮಗಳನ್ನ ಕರ್ಕೊಂಡು ಬಂದಿದ್ದಳು. ಯಂತ್ರದಿಂದ ಬಿದ್ದ ಕಾಲುಚೀಲಗಳನ್ನ ಜೋಡಿ ಮಾಡಿ ಕಟ್ಟೋದು ಅವಳ ಕೆಲಸ. ಮಗಳಿಗೂ ಚಂದದ ಒಂದು ಜೋಡಿ ಹಾಕಿದ್ದಳು, ಮಂಡಿವರೆಗೂ ಬರೋ ಅಂಥದ್ದು. ಮಗು ಅಳಲಿಲ್ಲ, ಅದಕ್ಕೆ ಈ ಬೆಂಚಿನಲ್ಲಿ ಕೂರಿಸಿದ್ರು. ಹಿರಿ ಡಾಕ್ಟರು, ಆಗ ಅವರೂ ನನ್ನ ಹಾಗೆ ಚಿಕ್ಕವರು, ಹಾದುಹೋಗುವಾಗ ಹಣೆ ಮುಟ್ಟಿ ನೋಡಿ ‘ಜ್ವರ ಇಳಿದಿದೆ, ಮಲಗಲಿ, ಎಬ್ಬಿಸಬೇಡಿ’ ಅಂದ್ರಂತೆ. ಅವಳು, ‘ಇವಳು ಹೀಗೆ ಮಲಗೋ ಮಗು ಅಲ್ಲ ಡಾಕ್ಟ್ರೇ, ನನ್ನ ಮಗಳು ಹೀಗಿರೋಳಲ್ಲ’ ಅಂದಳಂತೆ. ಅವರು ನಕ್ಕು, ‘ಎಲ್ಲಾ ತಾಯಂದಿರೂ ಹೀಗೇ ಹೇಳೋದು’ ಅಂದ್ರಂತೆ. ಮತ್ತೆ ಹೇಳಿದಳು. ನರ್ಸಿಗೆ ಹೇಳಿದಳು. ಬಾಗಿಲಲ್ಲಿದ್ದವನಿಗೆ ಹೇಳಿದಳು. ಯಾರೂ ಆ ಕಾಲುಚೀಲ ಬಿಚ್ಚಿ ನೋಡಲಿಲ್ಲ. ಬೆಂಚಿನ ಸರದಿ ಬರೋಷ್ಟರಲ್ಲಿ... ಮುಗಿದಿತ್ತು.

“ಆಮೇಲೆ ಅವಳು ದಿನಾ ಬಂದು ಆ ಬೆಂಚಿನಲ್ಲಿ ಕೂರ್ತಿದ್ದಳಂತೆ. ಯಾರನ್ನೂ ಬೈಯಲಿಲ್ಲ, ಶಾಪ ಹಾಕಲಿಲ್ಲ. ಪಕ್ಕದಲ್ಲಿ ಯಾರದಾದರೂ ಮಗು ಸುಮ್ಮನೆ ಮಲಗಿದ್ರೆ ಕಾಲುಚೀಲ ತೆಗೆದು ಪಾದ ಮುಟ್ಟೋಳು, ಬಿಸಿ ಇದ್ರೆ ಮತ್ತೆ ಹಾಕೋಳು. ಜನ ಹುಚ್ಚಿ ಅಂತ ಓಡಿಸಿದ್ರು. ಒಂದು ಚಳಿಗಾಲ ಬರೋದು ನಿಲ್ಲಿಸಿದಳು, ತೀರಿಕೊಂಡಳು ಅಂತ ಕಾರ್ಖಾನೆಯವರು ಹೇಳಿದ್ರು. ಅದಾದ ಮೇಲೆ... ಬೆಂಚಿನ ಕೆಳಗೆ ಒಂಟಿ ಕಾಲುಚೀಲ ಬೀಳೋಕೆ ಶುರುವಾಯ್ತು. ಕಂಡಾಗೆಲ್ಲ ಹಿರಿ ಡಾಕ್ಟರು ಓಡಿ ಹೋಗಿ ಆ ಮಗೂನ ನೋಡೋರಂತೆ. ಬಿದ್ದಾಗೆಲ್ಲ ಅವರ ಕಣ್ಣಿಗೇ ಬೀಳಬೇಕಲ್ಲ? ಕಸ ಗುಡಿಸೋರು ಎತ್ತಿದ್ದೆಷ್ಟೋ, ನಿಮ್ಮ ದೊಡ್ಡಮ್ಮನಂಥ ಜಾಣೆಯರು ಬುಟ್ಟಿಗೆ ಹಾಕೋಕೆ ಹೋದದ್ದೆಷ್ಟೋ.

“‘ಇಷ್ಟು ವರ್ಷ ಯಾರಿಗೂ ಹೇಳೋಕೆ ನಾಚಿಕೆ ಪಟ್ಟೆ. ನಾಳೆ ಹೇಳ್ತೀನಿ’ ಅಂದ್ರು ಅವರು. ಹೇಳಿದ್ರು. ದೆವ್ವದ ಮಾತಲ್ಲ, ಕೆಲಸದ ಮಾತು. ಮಾರನೇ ದಿನದಿಂದ ಬಾಗಿಲಲ್ಲೇ ಪ್ರತಿ ಮಗೂನ ಎರಡೂ ಕಾಲುಚೀಲ ಬಿಚ್ಚಬೇಕು, ಪಾದ ಮುಟ್ಟಬೇಕು, ಒತ್ತಿ ನೋಡಬೇಕು, ಉಸಿರು ಎಣಿಸಬೇಕು. ಇನ್ನೊಂದು... ತಾಯಿ ‘ನನ್ನ ಮಗು ಹೀಗಿರೋದಲ್ಲ’ ಅಂದ್ರೆ ಅಲ್ಲಿಗೆ ಬೇರೆ ಕೆಲಸ ಬಿಡಬೇಕು. ಆ ಮಾತನ್ನ ಯಾವ ಯಂತ್ರವೂ ಹೇಳಲ್ಲ. ಕಿವಿಯಣ್ಣ ಗೊಣಗಿದ, ಆಮೇಲೆ ಅವನೇ ಎಲ್ಲರಿಗಿಂತ ಚುರುಕಾದ. ಸುಮ್ಮನಿರೋ ಮಕ್ಕಳು ಮೊದಲು ಮೇಜಿಗೆ, ಅರಚೋ ಮಕ್ಕಳು ಬೆಂಚಿಗೆ. ಗದ್ದಲವೋ ಗದ್ದಲ. ಟೀ ಕುಡಿಯೋ ಸುಖ ಹೋಯ್ತು, ಹೋಗಲಿ ಬಿಡಿ.”

“ಆಮೇಲೆ ಆಕೆ ಕಾಣಿಸಿಕೊಂಡಳಾ?” ಅಂದೆ ನಾನು.

“ಇಲ್ಲ. ನಾನು ನಿವೃತ್ತಿ ಆಗೋವರೆಗೂ ಆ ಬೆಂಚಿನ ಕೆಳಗೆ ಒಂದೂ ಕಾಲುಚೀಲ ಬೀಳಲಿಲ್ಲ. ಅವಳ ಕೆಲಸ ನಾವು ಮಾಡ್ತಿದ್ವಿ, ಅವಳಿಗಿನ್ನೇನು ಕೆಲಸ ಅಲ್ಲಿ? ಶಾಂತಿ ಸಿಕ್ತು ಪಾಪ ಅಂತ ದೊಡ್ಡಕ್ಕ ಅಂದ್ರು. ಹಿರಿ ಡಾಕ್ಟರು ಒಪ್ಪಲಿಲ್ಲ. ‘ಆ ತಾಯಿ ಶಾಂತಿಗೆ ಬಂದೋಳಲ್ಲ. ಇಲ್ಲಿ ನೋಡೋರಿದ್ದಾರೆ ಅಂತ ಆದ ಮೇಲೆ... ನೋಡೋರಿಲ್ಲದ ಕಡೆ ಹೋಗಿರ್ತಾಳೆ’ ಅಂದ್ರು. ನೀವೇ ಯೋಚನೆ ಮಾಡಿ. ಜ್ವರ ಇಳೀತು, ಮಗು ಮಲಗಿತು ಅಂತ ಎಲ್ಲರೂ ನೆಮ್ಮದಿಯಾಗಿ ಕತೆ ಕೇಳ್ತಾ ಕೂರೋದು ಎಲ್ಲಿ? ಆಸ್ಪತ್ರೇಲಾ...? ಮನೆಯಲ್ಲಾ...?”

ಅವರು ಮಾತು ನಿಲ್ಲಿಸಿದರು. ಆಗಲೇ ಕರೆಂಟು ಬಂತು.

ಇದ್ದಕ್ಕಿದ್ದಂತೆ ಬಿದ್ದ ಬೆಳಕಿಗೆ ನಾವೆಲ್ಲ ಕಣ್ಣು ಕಿರಿದು ಮಾಡಿದೆವು. ತಮ್ಮ ನಗಲು ಬಾಯಿ ತೆರೆದವನು ಹಾಗೇ ಉಳಿದ. ನೆಲದ ಮೇಲೆ, ಮೇಣದ ಬತ್ತಿಯ ತಟ್ಟೆಯ ಪಕ್ಕದಲ್ಲಿ, ನಮ್ಮೆಲ್ಲರ ನಡುವೆ, ಒಂದು ಪುಟ್ಟ ಉಲ್ಲನ್ನಿನ ಕಾಲುಚೀಲ ಬಿದ್ದಿತ್ತು. ತಂಗಿಯ ತೊಡೆಯ ಮೇಲಿನ ಕಂಬಳಿಯಿಂದ ಗುಂಡನ ಎಡಪಾದ ಹೊರಗೆ ಚಾಚಿತ್ತು.

“ಯಾರು ತೆಗೆದಿರಿ?” ಅಂದರು ದೊಡ್ಡಮ್ಮ. ತಂಗಿ ತಾನಲ್ಲ ಎಂದು ತಲೆಯಾಡಿಸಿದಳು. ಬೆತ್ತವೂ ಮಂಡಿಯೂ ಕಿರುಗುಟ್ಟಿದವು, ಅವರು ಎದ್ದು ಎರಡು ಹೆಜ್ಜೆಯಲ್ಲಿ ಬಂದು ಆ ಪಾದ ಹಿಡಿದರು. ಹೆಬ್ಬೆರಳಿಂದ ಒತ್ತಿ ಬಿಟ್ಟರು. ನಾವೆಲ್ಲ ಆ ಬಿಳಿಯ ಗುರುತನ್ನೇ ನೋಡುತ್ತಿದ್ದೆವು. ಅದು ಬಿಳಿಯಾಗಿಯೇ ಉಳಿದಿತ್ತು.

“ಗಾಡಿ ತೆಗಿಯೋ,” ಅಂದರು ತಮ್ಮನಿಗೆ. ದನಿ ಏರಿರಲಿಲ್ಲ. “ಈಗಲೇ. ಬಟ್ಟೆಬರೆ ಏನೂ ಬೇಡ.” ತಂಗಿಯ ಕಡೆ ತಿರುಗಿದರು. “ನೀನು ಮಗೂನ ಎತ್ಕೋ, ಮಾತಾಡಿಸ್ತಾ ಇರು. ಅಳಬೇಡ ಈಗ, ಆಮೇಲೆ ಅಳುವಂತೆ.”

ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡಮ್ಮನಿಗೆ ಮೊಮ್ಮಗಳಾಗುವ ವಯಸ್ಸಿನ ಒಬ್ಬ ಡಾಕ್ಟರ್ ಹುಡುಗಿ ಗುಂಡನನ್ನು ತೆಗೆದುಕೊಂಡಳು. “ಎರಡು ದಿನದ ಜ್ವರ. ಈಗ ಪಾದ ತಣ್ಣಗೆ, ಬಣ್ಣ ಬರ್ತಾ ಇಲ್ಲ, ಉಸಿರು ಜೋರು, ಮಂಪರು. ಸೆಪ್ಸಿಸ್ ಅಂತಲೇ ನಡೆದುಕೊಳ್ಳಿ, ಅಲ್ಲ ಅಂತ ಆಮೇಲೆ ಗೊತ್ತಾದ್ರೆ ಸಂತೋಷ ಪಡೋಣ,” ಅಂದರು ದೊಡ್ಡಮ್ಮ. ಆ ಹುಡುಗಿ ತಲೆಯಾಡಿಸುತ್ತಲೇ ಅವನ ಇನ್ನೊಂದು ಕಾಲುಚೀಲ ಬಿಚ್ಚುತ್ತಿದ್ದಳು. ಪರದೆ ಎಳೆದರು. ಪರದೆಯ ಆಚೆ ಹೆಜ್ಜೆಗಳ ಸದ್ದು, ಗಾಜಿನ ಸದ್ದು, ಸಣ್ಣ ದನಿಯ ಮಾತು. ಗುಂಡನ ಸದ್ದಿಲ್ಲ. ತಂಗಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ, ಇಬ್ಬರ ಕೈಗಳೂ ತಣ್ಣಗಿದ್ದವು.

ಎಷ್ಟೋ ಹೊತ್ತಿನ ಮೇಲೆ ಗುಂಡ ಅತ್ತ. ಮೊದಲು ಒಂದು ಸಣ್ಣ ಕುಂಯ್ ಅನ್ನುವ ಸದ್ದು, ಆಮೇಲೆ ಅಮ್ಮನನ್ನು ಕರೆಯುತ್ತ, ಡಾಕ್ಟರನ್ನು ಒದೆಯುತ್ತ, ಬಾಯಿ ತುಂಬ ಅತ್ತ. ತಂಗಿ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡಳು. ದೊಡ್ಡಮ್ಮ ಬೆಂಚಿನ ಮೇಲೆ ಕೂತಿದ್ದವರು ಕಣ್ಣು ಮುಚ್ಚಿ ಆ ಅಳುವನ್ನು ಪೂರ್ತಿ ಕೇಳಿದರು.

ಮಳೆ ನಿಂತಿತ್ತು. ಡಾಕ್ಟರ್ ಹುಡುಗಿ ಹೊರಗೆ ಬಂದು, ಇನ್ನೂ ಕೆಲವು ದಿನ ಇಲ್ಲೇ ಇರಬೇಕು, ಆದರೆ ಸರಿಯಾದ ಹೊತ್ತಿಗೆ ತಂದಿರಿ ಅಂದಳು. ಅವಳು ಹೋದ ಮೇಲೆ ನಾನು ದೊಡ್ಡಮ್ಮನ ಪಕ್ಕ ಕೂತೆ.

“ಕತ್ತಲಲ್ಲಿ ನೀವೇ ಎದ್ದು ಬಂದು ತೆಗೆದದ್ದು, ಅಲ್ವಾ?” ಅಂದೆ. “ನಮ್ಮನ್ನ ಹೆದರಿಸೋಕೆ.”

“ಹಾಗೇ ಅಂದ್ಕೋ,” ಅಂದರು. “ಆಗ ನಿನಗೆ ರಾತ್ರಿ ನಿದ್ದೆ ಬರುತ್ತೆ.”

ಕತ್ತಲಲ್ಲಿ ಅವರ ಕುರ್ಚಿಯ ಸದ್ದೇ ಇರಲಿಲ್ಲ, ಕರೆಂಟು ಬಂದ ಮೇಲೆ ಒಂದೇ ಸಲ ಕೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅವರಿಗೂ ನೆನಪಿತ್ತು ಅಂತ ಕಾಣುತ್ತದೆ. ನನ್ನ ಕೈಮೇಲೆ ತಮ್ಮ ಒಣಗಿದ ಕೈ ಇಟ್ಟರು.

“ನಾನು ಇನ್ನೆಷ್ಟು ದಿನ ಇರ್ತೀನೋ. ನೀನೊಂದು ನೆನಪಿಟ್ಕೋ. ಮಗು ಇರೋ ಮನೇಲಿ ನೆಲದ ಮೇಲೆ ಒಂದೇ ಒಂದು ಕಾಲುಚೀಲ ಕಂಡ್ರೆ... ಯಾರು ಬೀಳಿಸಿದ್ದು ಅಂತ ಕೇಳ್ತಾ ನಿಲ್ಲಬೇಡ. ಎತ್ತಿ ಮಡಚಿ ಇಡೋಕೆ ಮುಂಚೆ, ಹೋಗಿ ಆ ಮಗೂನ ಕಾಲು ಮುಟ್ಟು. ಅವಳು ಅಲ್ಲೇ ಕಾಯ್ತಾ ಇರ್ತಾಳೆ, ನೀನು ಮುಟ್ಟೋವರೆಗೂ.”